ಗಾಳಿ ಫ್ಯಾನು ಹತ್ತುವ ನಮ್ಮ ಹುಡುಗರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಹುಡುಗರೇ,

ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಪತ್ರವನ್ನು ಕ್ಷೇಮ ಕೇಳಿಯೇ ಶುರು ಮಾಡಬೇಕೆಂದು ನಿಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು; ನಾನು ವಿಜ್ಞಾನದವನು. ಆದರೆ ನಮ್ಮ ಸೀಮೆಗೆ ಆ ಪದ್ಧತಿ ಶಾಲೆಯಿಂದ ಬಂದದ್ದಲ್ಲ. ಬ್ರಹ್ಮಗಿರಿಯ ಬುಡದ ಬಂಡೆಯ ಮೇಲಿರುವ ಅಶೋಕನ ಶಾಸನ ಇದೆಯಲ್ಲ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು, ಅದು ಕೂಡ ಒಂದು ಪತ್ರವೇ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಬರೆದದ್ದು. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತಿಗೆ ಬರುತ್ತಾರೆ. ಆ ಇಸಿಲ ಅಂದರೆ ಈ ಸಿದ್ಧಾಪುರದ ಆಸುಪಾಸಿನ ಊರು. ಒಂದು ಗುಂಪಿಗೆ ಬರೆದು, ಎಲ್ಲರೂ ಓದಲಿ ಎಂದು ಬಂಡೆಯ ಮೇಲೆ ಕೊರೆಸಿದ ಕಾಗದ. ಕೊನೆಗೆ ಬರೆದವನ ಹೆಸರು ಕೂಡ ಇದೆ: ಚಪಡ. ಅಪ್ಪ ಅಮ್ಮನ ಮಾತು ಕೇಳಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ ಎನ್ನುವ ಮಾತುಗಳ ನಡುವೆ, ಜೀವಿಗಳ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ ಎಂಬ ಮಾತೂ ಅದರಲ್ಲಿದೆ. ನಾನು ನಿಮ್ಮನ್ನು ಅಲ್ಲಿಗೆ ಪ್ರತಿ ವರ್ಷ ಕರೆದುಕೊಂಡು ಹೋಗುತ್ತಿದ್ದೆ. ನೀವು ಚಿತ್ರಾನ್ನದ ಡಬ್ಬಿ ತೆಗೆಯುವ ಹೊತ್ತಿಗಾಗಿ ಕಾಯುತ್ತಿದ್ದಿರಿ.

ಈ ಕಾಗದಕ್ಕೆ ಕಾರಣ ನಿಮ್ಮಲ್ಲೇ ಒಬ್ಬ. ಹೆಸರು ಬೇಡ. ಐಟಿಐ ಮುಗಿಸಿ, ಹತ್ತು ವರ್ಷದಿಂದ ಫ್ಯಾನುಗಳ ಮೇಲೆ ಕೆಲಸ ಮಾಡುತ್ತಿದ್ದಾನೆ. ಮೊದಲು ಜೋಗಿಮಟ್ಟಿ ಸಾಲು, ಆಮೇಲೆ ಗದಗ, ಆಮೇಲೆ ಗಡಿಯಾಚೆ ಅನಂತಪುರ ಜಿಲ್ಲೆ. ಯುಗಾದಿಗೆ ಊರಿಗೆ ಬಂದವನು ಮನೆಗೂ ಬಂದ. ಕಡಲಿನಲ್ಲಿ ನಿಲ್ಲಿಸುವ ಫ್ಯಾನುಗಳ ಕೆಲಸಕ್ಕೆ ಹೋಗಬೇಕೆಂದಿದ್ದಾನಂತೆ. ಅದಕ್ಕೆ ಎತ್ತರದ ಕೆಲಸದ ತರಬೇತಿಯ ಜೊತೆಗೆ ನೀರಿಗೆ ಬಿದ್ದರೆ ಬದುಕುವ ತರಬೇತಿಯೂ ಬೇಕಂತೆ. ಈಜಲು ಬರದವನು! ಚಿನ್ನಹಗರಿಯಲ್ಲಿ ಮೊಣಕಾಲು ಮುಳುಗುವಷ್ಟು ನೀರು ಕಂಡರೆ ಹಬ್ಬ ಮಾಡುವ ಊರಿನವನು. ಕಾಫಿ ಕುಡಿಯುತ್ತಾ ನಗುತ್ತಾ ಹೇಳಿದ: "ಸಾ, ಅಲ್ಲಿ ತಿಮಿಂಗಿಲ ಕೂಗಿದ್ರೆ ಕೆಲ್ಸ ನಿಲ್ಲಿಸ್ತಾರಂತೆ ಸಾ. ದಿನಕ್ಕೆ ಕೋಟಿಗಟ್ಟಲೆ ಬಾಡಿಗೆ ಇರೋ ಹಡಗು ಸುಮ್ಮನೆ ನಿಂತ್ಕಂಡಿರುತ್ತಂತೆ."

ಅವನು ನಕ್ಕ, ನಾನೂ ನಕ್ಕೆ. ಅವನು ಹೋದಮೇಲೆ ನಗು ಬರಲಿಲ್ಲ. ಕೂತು ಓದಿದೆ. ನಿವೃತ್ತ ಮೇಷ್ಟ್ರಿಗೆ ಹೊತ್ತಿಗೇನು ಬರ? ಓದಿದ್ದನ್ನು ನಿಮಗೆ ಹೇಳಬೇಕು; ಹೇಳಿ ಒಂದು ಮಾತು ಕೇಳಬೇಕು.

ಅವನು ಹೇಳಿದ್ದು ನಿಜ. ಕಡಲಿನಲ್ಲಿ ಫ್ಯಾನು ನಿಲ್ಲಿಸುವುದಕ್ಕೆ ಮೊದಲು ತಳಕ್ಕೆ ಒಂದು ಉಕ್ಕಿನ ಕೊಳವೆ ಹೊಡೆಯುತ್ತಾರೆ. ಎಂಟು ಹತ್ತು ಮೀಟರ್ ಅಡ್ಡಗಲ; ಒಳಗೆ ಎರಡು ಲಾರಿ ಅಕ್ಕಪಕ್ಕ ನಿಲ್ಲಬಹುದು. ಅದರ ತಲೆಯ ಮೇಲೆ ಹೈಡ್ರಾಲಿಕ್ ಸುತ್ತಿಗೆ. ಒಂದು ಕೊಳವೆಗೆ ಸಾವಿರಾರು ಪೆಟ್ಟು, ಗಂಟೆಗಟ್ಟಲೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. ಅಷ್ಟೇ ಅಲ್ಲ, ಬೇಗ ಸಾಯುವುದೂ ಇಲ್ಲ. ತಿಮಿಂಗಿಲಕ್ಕೆ ಕಿವಿಯೇ ಕಣ್ಣು. ಮರಿಯನ್ನು ಕರೆಯುವುದು, ಜೊತೆಗಾರರನ್ನು ಹುಡುಕುವುದು, ದಾರಿ ತಿಳಿಯುವುದು ಎಲ್ಲ ದನಿಯಿಂದ. ಅಂಥ ಜೀವದ ಪಕ್ಕದಲ್ಲಿ ಆ ಸುತ್ತಿಗೆ ಎಂದರೆ, ನಮ್ಮ ಮನೆಯೊಳಗೆ ಕಲ್ಲುಗಣಿಯ ಸಿಡಿಮದ್ದು ಹಾರಿಸಿದ ಹಾಗೆ.

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಾಚೆ ವೈನ್‌ಯಾರ್ಡ್ ವಿಂಡ್ ಎಂಬ ಯೋಜನೆ ಇದೆ: 62 ಫ್ಯಾನು, 806 ಮೆಗಾವ್ಯಾಟ್. ಆ ನೀರಿನಲ್ಲಿ ಓಡಾಡುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಇಡೀ ಭೂಮಿಯಲ್ಲಿ ಉಳಿದಿರುವುದು 400ಕ್ಕೂ ಕಡಿಮೆ. ನಮ್ಮಲ್ಲಿ ಒಂದು ಸಣ್ಣ ಹಟ್ಟಿಯ ಜನಸಂಖ್ಯೆ. ಹಾಗಾಗಿ 2019ರಲ್ಲಿ ಕಂಪನಿಯೂ ಪರಿಸರ ಸಂಘಟನೆಗಳೂ ಕೂತು ಒಂದು ಒಪ್ಪಂದ ಮಾಡಿಕೊಂಡವು. ಜನವರಿಯಿಂದ ಏಪ್ರಿಲ್ ಕೊನೆಯವರೆಗೆ, ಆ ತಿಮಿಂಗಿಲಗಳು ಹೆಚ್ಚಾಗಿ ಬರುವ ತಿಂಗಳುಗಳಲ್ಲಿ, ಸುತ್ತಿಗೆ ಎತ್ತುವಂತೆಯೇ ಇರಲಿಲ್ಲ. ಮಿಕ್ಕ ದಿನಗಳಲ್ಲಿ ಎತ್ತಬಹುದಿತ್ತು, ಆದರೆ ಕಾವಲು ಹಾಕಿಕೊಂಡು.

ಆ ಕಾವಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಯಂತ್ರ ಗೊತ್ತು, ಬೇಗ ಹಿಡಿಸುತ್ತದೆ.

ನಮ್ಮ ದೇವರ ಎತ್ತು ಕಾಯುವ ಕಿಲಾರಿಗಳನ್ನು ನೋಡಿದ್ದೀರಿ. ಕತ್ತಲಲ್ಲಿ ಕಿಲಾರಿ ಕಂಬಳಿ ಹೊದ್ದು ಮಲಗಿರುತ್ತಾನೆ, ಕಣ್ಣು ಮುಚ್ಚಿರುತ್ತದೆ, ಆದರೆ ಯಾವ ರಾಸು ಎಲ್ಲಿದೆ ಎಂದು ಅವನಿಗೆ ಗೊತ್ತು. ಕೊರಳ ಗಂಟೆ ಹೇಳುತ್ತದೆ. ಒಂದು ಗಂಟೆ ದೂರವಾಯಿತೆಂದರೆ ಎದ್ದು ಕೂರುತ್ತಾನೆ. ಕಡಲಲ್ಲಿ ಮಾಡುವುದೂ ಇದನ್ನೇ. ಹೈಡ್ರೋಫೋನ್ ಎಂಬ, ನೀರಿನೊಳಗೆ ಕೇಳುವ ಮೈಕುಗಳನ್ನು ತಳದಲ್ಲಿ ನೆಡುತ್ತಾರೆ, ತೇಲುವ ಬುರುಡೆಗಳಿಗೆ ಕಟ್ಟಿ ಬಿಡುತ್ತಾರೆ. ಇನ್ನೊಂದು ಸೊಗಸಾದ ಯಂತ್ರ ಇದೆ, ಗ್ಲೈಡರ್ ಅಂತ. ಫ್ಯಾನಿಲ್ಲ, ಎಂಜಿನ್ನಿಲ್ಲ, ತನ್ನ ತೇಲುವ ಗುಣವನ್ನು ಹೆಚ್ಚು ಕಡಿಮೆ ಮಾಡಿಕೊಂಡು ಮುಳುಗುತ್ತಾ ಏಳುತ್ತಾ ವಾರಗಟ್ಟಲೆ ಸದ್ದಿಲ್ಲದೆ ಹೋಗುತ್ತಿರುತ್ತದೆ. ತಾನು ಸದ್ದು ಮಾಡಿದರೆ ಬೇರೆಯವರ ಸದ್ದು ಕೇಳುವುದು ಹೇಗೆ? (ಇದನ್ನು ಹತ್ತನೇ ಬಿ ಸೆಕ್ಷನ್ನಿನವರಿಗೆ ಹತ್ತು ವರ್ಷ ಹೇಳಿ ಸೋತಿದ್ದೇನೆ.)

ಮೈಕು ಕೇಳಿದ್ದನ್ನು ಕಂಪ್ಯೂಟರ್ ಚಿತ್ರ ಮಾಡುತ್ತದೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ಸ್ವರದ ಏರಿಳಿತ. ರೈಟ್ ತಿಮಿಂಗಿಲದ ಕರೆ ಒಂದೆರಡು ಸೆಕೆಂಡಿನದ್ದು; ತಗ್ಗಿನಲ್ಲಿ ಹುಟ್ಟಿ ಮೇಲಕ್ಕೆ ಏರುತ್ತದೆ, ಯಾರೋ ದೂರದಿಂದ "ಊಂ?" ಎಂದು ಕೇಳಿದ ಹಾಗೆ. ಚಿತ್ರದಲ್ಲಿ ಅದು ಮೇಲಕ್ಕೆ ಬಾಗಿದ ಒಂದು ಸಣ್ಣ ಗೀರು. ಯಂತ್ರ ಅದನ್ನು ಗುರುತಿಸುತ್ತದೆ, ಆದರೆ ತೀರ್ಪು ಕೊಡುವುದು ಯಂತ್ರವಲ್ಲ; ಪಳಗಿದ ಮನುಷ್ಯನೊಬ್ಬ ನೋಡಿ ಹೌದು ಎನ್ನಬೇಕು. ಮೂರು ನಾಲ್ಕು ಮೈಕುಗಳಿಗೆ ಒಂದೇ ಕರೆ ಬೇರೆ ಬೇರೆ ಗಳಿಗೆಯಲ್ಲಿ ತಲುಪಿದರೆ, ಆ ವ್ಯತ್ಯಾಸದಿಂದ ಅದು ಯಾವ ದಿಕ್ಕು, ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಮಿಂಚು ಕಂಡು ಗುಡುಗಿಗೆ ಎಣಿಸುತ್ತಿದ್ದಿರಲ್ಲ, ಹೆಚ್ಚುಕಡಿಮೆ ಅದೇ ಗಣಿತ.

ಜೊತೆಗೆ ಕಣ್ಣಿನ ಕಾವಲು. ಹಡಗಿನ ಮೇಲೆ ದುರ್ಬೀನು ಹಿಡಿದ ವೀಕ್ಷಕರು ಇರುತ್ತಾರೆ. ಸುತ್ತಿಗೆ ಎತ್ತುವ ಮೊದಲು 60 ನಿಮಿಷ ನೀರು ನೋಡಬೇಕು. ದೊಡ್ಡ ತಿಮಿಂಗಿಲ ಕಂಡರೆ ಅದು ಹೋಗುವವರೆಗೆ, ಹೋದದ್ದು ಕಾಣದಿದ್ದರೆ ಮತ್ತೆ 30 ನಿಮಿಷ ಕಾಯಬೇಕು. ಒಬ್ಬ ವೀಕ್ಷಕ ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಕಾವಲಿರುವಂತಿಲ್ಲ, ಎರಡು ಗಂಟೆ ವಿರಾಮ ಕೊಡಬೇಕು, ಏಕೆಂದರೆ ದಣಿದ ಕಣ್ಣಿಗೆ ಅಲೆಯೂ ಬೆನ್ನೂ ಒಂದೇ. ನಮ್ಮ ಸೈಟುಗಳಲ್ಲಿ ಹನ್ನೆರಡು ಗಂಟೆ ರಾತ್ರಿ ಪಾಳಿ ಮಾಡುವ ವಾಚ್‌ಮನ್ನುಗಳು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ. ಕತ್ತಲಾದರೆ ಶಾಖ ಕಾಣುವ ಕ್ಯಾಮೆರಾ: ತಿಮಿಂಗಿಲ ಬಿಟ್ಟ ಉಸಿರು ನೀರಿಗಿಂತ ಬೆಚ್ಚಗಿರುತ್ತದಲ್ಲ, ಪರದೆಯ ಮೇಲೆ ಬೆಳ್ಳಗೆ ಪುಸ್ಸೆಂದು ಏಳುತ್ತದೆ.

ಸದ್ದನ್ನೇ ತಗ್ಗಿಸುವ ಉಪಾಯಗಳೂ ಇವೆ. ಮೊದಲ ಪೆಟ್ಟುಗಳು ಮೆಲ್ಲಗೆ, ಹತ್ತಿರ ಇದ್ದವರು ಎದ್ದು ಹೋಗಲಿ ಎಂದು. ಕೊಳವೆಯ ಸುತ್ತ ಕಡಲ ತಳದಲ್ಲಿ ತೂತು ಕೊರೆದ ಪೈಪು ಹಾಸಿ, ಕಂಪ್ರೆಸರಿನಿಂದ ಗಾಳಿ ಬಿಡುತ್ತಾರೆ. ನಮ್ಮ ಹನಿ ನೀರಾವರಿ ಪೈಪೇ ಎಂದುಕೊಳ್ಳಿ, ಹನಿಯ ಬದಲು ಗುಳ್ಳೆ. ಗುಳ್ಳೆಗಳ ಗೋಡೆ ಏಳುತ್ತದೆ. ಸದ್ದು ಅದಕ್ಕೆ ಬಡಿದು ಸೊರಗುತ್ತದೆ. ಜರ್ಮನಿಯವರು ಇದನ್ನು ಬಹಳ ಹಿಂದೆಯೇ ಹಿಡಿದರು. ಕೊಳವೆಯಿಂದ 750 ಮೀಟರ್ ದೂರದಲ್ಲಿ ಸದ್ದು ಇಷ್ಟೇ ಇರಬೇಕು, 160 ಡೆಸಿಬೆಲ್, ಎಂದು ಗೆರೆ ಎಳೆದರು. ಗೆರೆ ಎಳೆದ ಮೇಲೆ ಕಂಪನಿಗಳು ಗುಳ್ಳೆಯ ಕಲೆಯನ್ನು ತಾವೇ ಕಲಿತುಕೊಂಡವು.

ಇಷ್ಟು ಯಂತ್ರಗಳ ಕಥೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಂತ್ರವಲ್ಲ, ಅಮೆರಿಕದಲ್ಲಿ ಆ ಕೆಲಸಕ್ಕೆ ಕೊಡುವ ಅನುಮತಿ ಪತ್ರಗಳಲ್ಲಿರುವ ಒಂದು ಷರತ್ತು. ವೀಕ್ಷಕರು ಕಂಪನಿಯವರಾಗಿರಬಾರದು, ಹೊರಗಿನವರಾಗಿರಬೇಕು. ಮುಖ್ಯ ವೀಕ್ಷಕ ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಅವನ ಮಾತು ಸರಿಯೋ ತಪ್ಪೋ ಎಂಬ ವಾದ ಏನಿದ್ದರೂ, ಸುತ್ತಿಗೆ ನಿಂತ ಮೇಲೆ. ಕೊಳವೆ ವಾಲಿ ಜನರ ಪ್ರಾಣಕ್ಕೆ ಕುತ್ತು ಬರುವಂತಿದ್ದರೆ ಮಾತ್ರ ಎಂಜಿನಿಯರ್ ಮುಂದುವರಿಸಬಹುದು, ಅದನ್ನೂ ಬರೆದಿಡಬೇಕು. ಹುಡುಗರೇ, ದುರ್ಬೀನು ಹಿಡಿದ ಸಂಬಳದ ಮನುಷ್ಯನೊಬ್ಬ ಒಂದು ಮಾತಿಗೆ ಅಷ್ಟು ದೊಡ್ಡ ಸುತ್ತಿಗೆಯನ್ನು ನಿಲ್ಲಿಸಬಲ್ಲ! ಹೈಡ್ರೋಫೋನು ದುಡ್ಡು ಕೊಟ್ಟರೆ ಸಿಗುತ್ತದೆ. ಈ ಅಧಿಕಾರವನ್ನು ಕಾನೂನು ಕೊಡಬೇಕು.

ಹಾಗೆಂದು ಅಲ್ಲಿ ಎಲ್ಲ ಸರಿ ಇದೆ ಎಂದು ತಿಳಿಯಬೇಡಿ. ಮೈಕು ಕೇಳುವುದು ಕೂಗಿದ ತಿಮಿಂಗಿಲವನ್ನು ಮಾತ್ರ. ಮರಿ ಜೊತೆಗಿರುವ ತಾಯಿ ತಿಮಿಂಗಿಲ ಗಟ್ಟಿಯಾಗಿ ಕೂಗುವುದು ಕಡಿಮೆ, ಪಿಸುಗುಡುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಬೇಟೆಗಾರ ಪ್ರಾಣಿಗಳಿಗೆ ಗುಟ್ಟು ಬಿಟ್ಟುಕೊಡದಿರಲು ಇರಬೇಕು. ಅಂದರೆ ಯಾರನ್ನು ಮೊದಲು ಕಾಯಬೇಕೋ ಅವರೇ ಕಿವಿಗೆ ಸಿಗುವುದಿಲ್ಲ. ಮಂಜು ಬಿದ್ದರೆ ದುರ್ಬೀನು, ಕ್ಯಾಮೆರಾ ಎರಡೂ ಕುರುಡು. ಅದಕ್ಕೇ ಒಂದನ್ನೇ ನಂಬದೆ ಕಿವಿ ಕಣ್ಣು ಎರಡನ್ನೂ ಇಡುವುದು, ಅದಕ್ಕೇ ಆ ನಾಲ್ಕು ತಿಂಗಳ ರಜೆ. ಇನ್ನೊಂದು ಕಡೆ, ಅಲ್ಲಿನ ತೀರಕ್ಕೆ ಸತ್ತ ತಿಮಿಂಗಿಲ ಬಂದು ಬಿದ್ದಾಗಲೆಲ್ಲ ಫ್ಯಾನುಗಳನ್ನು ಬೈಯುವ ರಾಜಕೀಯವೂ ನಡೆಯಿತು. ಅಮೆರಿಕ ಸರ್ಕಾರದ ಸಾಗರ ಸಂಸ್ಥೆ ನೋವಾ ಅದಕ್ಕೆ ಪುರಾವೆ ಇಲ್ಲ ಎಂದಿತು. ಅವುಗಳನ್ನು ಹೆಚ್ಚಾಗಿ ಕೊಲ್ಲುವುದು ಹಡಗಿನ ಡಿಕ್ಕಿ ಮತ್ತು ಮೀನು ಹಿಡಿಯುವ ಹಗ್ಗ. ನಾನು ಫ್ಯಾನಿನ ವಿರೋಧಿಯಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಂಥ ಬರದ ತಾಲ್ಲೂಕಿಗೆ ಬಿಸಿಲು ಗಾಳಿ ಬಿಟ್ಟು ದೇವರು ಇನ್ನೇನು ಕೊಟ್ಟಿದ್ದಾನೆ? ಶೇಂಗಾ ಕೈಕೊಟ್ಟ ಎಷ್ಟು ಮನೆಗಳಲ್ಲಿ ನಿಮ್ಮ ಸಂಬಳದಿಂದ ಒಲೆ ಹತ್ತುತ್ತಿದೆ ಎಂದು ನನಗೆ ಗೊತ್ತಿದೆ.

ಇನ್ನು ನಮ್ಮ ದೇಶದ ಕಡಲು. ಇದುವರೆಗೆ ಫ್ಯಾನಿನ ಒಂದು ಕಂಬವೂ ಇಳಿದಿಲ್ಲ. 2015ರಲ್ಲಿ ನೀತಿ ಬಂತು, 2023ರಲ್ಲಿ ಕಡಲತಳ ಗುತ್ತಿಗೆಯ ನಿಯಮಗಳು ಬಂದವು, 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಗುಜರಾತ್ ಮತ್ತು ತಮಿಳುನಾಡಿಗೆ ತಲಾ 500 ಮೆಗಾವ್ಯಾಟ್ ಎಂದು 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಟೆಂಡರ್ ಕರೆಯುವುದು, ರದ್ದಾಗುವುದು ನಡೆದಿದೆ. ಇವತ್ತಲ್ಲ ನಾಳೆ ಕೆಲಸ ಶುರುವಾಗುತ್ತದೆ, ನಿಮ್ಮಲ್ಲಿ ಕೆಲವರು ಹೋಗುತ್ತೀರಿ. ತಮಿಳುನಾಡಿನ ಆ ಕಡೆ, ಪಾಕ್ ಕೊಲ್ಲಿಯಲ್ಲಿ, ಕಡಲಹಸುಗಳಿಗೆಂದು 448 ಚದರ ಕಿಲೋಮೀಟರ್ ಮೀಸಲು ಪ್ರದೇಶವನ್ನು 2022ರಲ್ಲಿ ಘೋಷಿಸಿದ್ದಾರೆ. ನಮ್ಮ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಥೆ ಬೇರೆಯೇ. ಬೇರೆ ಹಂಪ್‌ಬ್ಯಾಕ್‌ಗಳು ಧ್ರುವದಿಂದ ಬಿಸಿನೀರಿಗೆ ವಲಸೆ ಹೋಗಿ ಬಂದರೆ ಇವು ಈ ಕಡಲು ಬಿಟ್ಟು ಹೋಗುವುದಿಲ್ಲ. ಒಮಾನ್ ಕರಾವಳಿಯಲ್ಲಿ ಎಣಿಸಿದರೆ ನೂರು ದಾಟವು. 2017ರ ಕೊನೆಯಲ್ಲಿ ಲುಬಾನ್ ಎಂದು ಹೆಸರಿಟ್ಟ ಒಂದು ಹೆಣ್ಣಿಗೆ ಒಮಾನಿನಲ್ಲಿ ಉಪಗ್ರಹದ ಪಟ್ಟಿ ಅಂಟಿಸಿದರು; ಅದು ಸೀದಾ ಕಡಲು ದಾಟಿ ಗೋವಾ ಕಡೆಗೆ ಬಂದು, ಕರಾವಳಿಯಗುಂಟ ದಕ್ಷಿಣಕ್ಕೆ ಹೋಗಿ, ಮತ್ತೆ ಒಮಾನಿಗೆ ಮರಳಿತು. ಗೋವಾದಿಂದ ದಕ್ಷಿಣಕ್ಕೆಂದರೆ ನಮ್ಮ ಕಾರವಾರ, ಮಲ್ಪೆಗಳ ಎದುರಿನ ನೀರೇ ತಾನೆ. ಮಲ್ಪೆಯಲ್ಲಿ ಎರಡು ಸಲ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದೇನೆ. ಇಂಥವರು ಆಚೆ ಇದ್ದಾರೆಂದು ಆಗ ಗೊತ್ತಿರಲಿಲ್ಲ.

ಲಕ್ಷದ್ವೀಪದ ಕವರತ್ತಿಯಲ್ಲಿ 2018ರ ಕೊನೆಯಿಂದ 2020ರ ಆರಂಭದವರೆಗೆ ದಿವ್ಯಾ ಪಣಿಕ್ಕರ್ ಎಂಬ ಸಂಶೋಧಕಿ ಅಲ್ಲಿನ ಮುಳುಗುಗಾರರ ಸಹಾಯದಿಂದ ತಳದಲ್ಲಿ ಮೈಕು ಇಟ್ಟು, ನೀಲಿ ತಿಮಿಂಗಿಲದ ಹಾಡು ಹಿಡಿದರು. ಹಾಡು ಹೆಚ್ಚು ಕೇಳಿದ್ದು ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ. ಈಗ ಲೆಕ್ಕ ಹಾಕಿ: ನಮ್ಮ ಪಶ್ಚಿಮದ ಕಡಲಿನಲ್ಲಿ ಮಳೆಗಾಲದಲ್ಲಿ ದೋಣಿ ಇಳಿಯುವುದೇ ಕಷ್ಟ. ಮುಂದೆ ಯಾವತ್ತೋ ಆ ಕಡೆ ಕೊಳವೆ ಹೊಡೆಯುವವರಿಗೆ ಸಿಗುವುದೂ ಅವೇ ಶಾಂತ ತಿಂಗಳುಗಳು. ಅಮೆರಿಕದ ಜನವರಿ-ಏಪ್ರಿಲ್ ರಜೆಯನ್ನು ಇಲ್ಲಿಗೆ ನಕಲು ಮಾಡಿದರೆ ಅರ್ಥವಿಲ್ಲ. ನಮ್ಮ ಕಡಲಿನ ರಜೆ ಯಾವಾಗ ಎಂದು ನಮ್ಮ ಕಡಲನ್ನೇ ಕೇಳಬೇಕು. ಶಾಖದ ಕ್ಯಾಮೆರಾ ಕೂಡ ತಣ್ಣನೆ ನೀರಿನಲ್ಲಿ ಕಂಡಷ್ಟು ಸಲೀಸಾಗಿ ನಮ್ಮ ಬಿಸಿ ಕಡಲಲ್ಲಿ ಉಸಿರನ್ನು ತೋರಿಸುವುದಿಲ್ಲ.

ಸಾಕು ಕಡಲು. ಈಗ ಗುಡ್ಡಕ್ಕೆ ಬನ್ನಿ.

ಯುಗಾದಿಯ ಆ ಹುಡುಗನನ್ನು ನಾನು ಕೇಳಿದೆ: "ಕಡಲಲ್ಲಿ ಹಾಗಂತೆ, ನಿಮ್ಮ ಗುಡ್ಡದ ಮೇಲೆ ಹೇಗೆ?" ಅವನು ಫೋನು ತೆಗೆದು ಒಂದು ಫೋಟೋ ತೋರಿಸಿದ. ಟವರಿನ ಬುಡದ ಕಾಂಕ್ರೀಟು, ಅದರ ಅಂಚಿನಲ್ಲಿ ಜಲ್ಲಿ, ಜಲ್ಲಿಯ ಮೇಲೆ ಒಂದು ಬಾವಲಿ. ಹೆಬ್ಬೆರಳಿನಷ್ಟು ಮೈ. ಒಂದು ರೆಕ್ಕೆ ಬಿಚ್ಚಿಕೊಂಡಿತ್ತು, ಒದ್ದೆ ಛತ್ರಿಯ ಬಟ್ಟೆಯ ಹಾಗೆ, ಗಾಯವೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಆರೂವರೆಗೆ ತೆಗೆದದ್ದು. "ಹತ್ತು ಗಂಟೆಗೆ ಕೆಳಗಿಳಿದು ನೋಡ್ತೀನಿ, ಇಲ್ಲ ಸಾ. ನಾಯಿಯೋ ಕಾಗೆಯೋ." ಇದನ್ನು ಎಲ್ಲಿ ಬರೆದೆ ಎಂದೆ. ಸೈಟಿನ ಲಾಗ್‌ಬುಕ್ಕಿನ ಕಾಲಂಗಳನ್ನು ಬಾಯಲ್ಲೇ ಹೇಳಿದ: ಗಾಳಿಯ ವೇಗ, ಉತ್ಪಾದನೆ, ನಿಂತ ಹೊತ್ತು, ನಿಂತ ಕಾರಣ, ಗೇರ್ ಆಯಿಲ್, ಬೋಲ್ಟ್ ಬಿಗಿತ. "ಸತ್ತ ಹಕ್ಕಿಗೆ ಕಾಲಂ ಇಲ್ಲ ಸಾ. ಷರಾದಲ್ಲಿ ಬರೆದ್ರೆ ಸೂಪರ್‌ವೈಸರ್ ಬೈತಾರೆ." ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ನಾನು ವಿಚಾರಿಸಿದ ಇನ್ನೂ ನಾಲ್ಕು ಜನರ ಬುಕ್ಕಿನಲ್ಲೂ ಆ ಕಾಲಂ ಇರಲಿಲ್ಲ.

ಅದರಲ್ಲಿ ಆಶ್ಚರ್ಯವೂ ಇಲ್ಲ. ಪರಿಸರ ಪರಿಣಾಮ ಅಧ್ಯಯನ ಕಡ್ಡಾಯ ಮಾಡುವ ಕೇಂದ್ರದ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ತೇ ಇಲ್ಲ. ಅರಣ್ಯ ಭೂಮಿಯಾದರೆ ಅರಣ್ಯದ ಅನುಮತಿ ಬೇಕು. ಹುಲ್ಲುಗಾವಲು, ಕಂದಾಯ ಭೂಮಿ, ರೈತನ ಹೊಲವಾದರೆ ಯಾರೂ ಹಕ್ಕಿ ಎಣಿಸಬೇಕಿಲ್ಲ. ಕರ್ನಾಟಕದಲ್ಲಿ ಗಾಳಿ ವಿದ್ಯುತ್ತಿನ ಸಾಮರ್ಥ್ಯ 6,000 ಮೆಗಾವ್ಯಾಟ್ ಮೀರಿದೆ. ಇಷ್ಟು ಫ್ಯಾನುಗಳ ಕೆಳಗೆ ರಾತ್ರಿ ಏನು ಬೀಳುತ್ತದೆ ಎಂದು ಬರೆದಿಡುವ ಒಂದು ಬುಕ್ಕು ಸರ್ಕಾರದ ಯಾವ ಟೇಬಲ್ಲಿಗೂ ಹೋಗಬೇಕಾಗಿಲ್ಲ.

ಯಾರೂ ನೋಡಿಯೇ ಇಲ್ಲ ಎಂದಲ್ಲ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಎಚ್.ಎನ್. ಕುಮಾರ ಮತ್ತು ಸಂಗಡಿಗರು ನಮ್ಮ ರಾಜ್ಯದ ಹಳೆಯ ಫ್ಯಾನು ಗುಡ್ಡಗಳಲ್ಲಿ ಎರಡು ವರ್ಷ ಅಲೆದು, 2022ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲೊಂದು ಇಲ್ಲೊಂದು ಫ್ಯಾನಿನ ಬುಡ ಹುಡುಕಿದಾಗ ಅವರಿಗೆ ಸಿಕ್ಕಿದ್ದು 10 ಸತ್ತ ಜೀವ: 7 ಹಕ್ಕಿ, 3 ಬಾವಲಿ. ಇಷ್ಟೇನಾ ಎನ್ನಬೇಡಿ, ಹತ್ತು ಗಂಟೆಗೆ ಮಾಯವಾದ ಆ ಬಾವಲಿಯನ್ನು ನೆನೆಸಿಕೊಳ್ಳಿ. ಅದಕ್ಕಿಂತ ಮುಖ್ಯವಾದ ಮಾತು ಅವರ ಪ್ರಬಂಧದಲ್ಲಿ ಬೇರೆ ಇದೆ. ಫ್ಯಾನಿನ ಹತ್ತಿರ ಚಿಂಕಾರ, ನರಿ ಕಡಿಮೆ ಕಾಣುತ್ತವೆ. ಕೃಷ್ಣಮೃಗ ಸದ್ದು ಕಡಿಮೆ ಇದ್ದ ಕಡೆ, ಫ್ಯಾನು ವಿರಳವಾದ ಕಡೆ ಹೆಚ್ಚು. ಹಕ್ಕಿಗಳ ಬಗೆಯೂ ಫ್ಯಾನಿಲ್ಲದ ಕಡೆ ಹೆಚ್ಚು. ಸತ್ತದ್ದಕ್ಕಾದರೆ ಹೆಣ ಸಿಗುತ್ತದೆ. ಬಿಟ್ಟುಹೋದದ್ದಕ್ಕೆ ಯಾವ ಗುರುತೂ ಇಲ್ಲ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗ ನೋಡಿದ ನೆನಪು ನಿಮ್ಮ ಅಪ್ಪಂದಿರಿಗೆ ಇದೆ, ಕೇಳಿ ನೋಡಿ.

ಇನ್ನು ಬಾವಲಿಗಳು ಫ್ಯಾನಿಗೆ ಸಿಕ್ಕಿ ಸಾಯುವುದೇಕೆ ಎಂದರೆ, ಬ್ಲೇಡಿನ ತುದಿ ಗಂಟೆಗೆ 250 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ. ಕೆಳಗೆ ನಿಂತ ನಮಗೆ ಸೋಮಾರಿಯಾಗಿ ತಿರುಗಿದಂತೆ ಕಾಣುತ್ತದೆ ಅಷ್ಟೆ. ಬಾವಲಿಗಳು ಹೆಚ್ಚು ಹಾರುವುದು ಗಾಳಿ ಮಂದವಾದ ರಾತ್ರಿಗಳಲ್ಲಿ, ಹುಳು ಎದ್ದಾಗ. ಆ ಹೊತ್ತಿನಲ್ಲಿ ಕರೆಂಟೂ ಅಷ್ಟಕ್ಕಷ್ಟೆ. ಅದಕ್ಕೆ ಅಮೆರಿಕದಲ್ಲಿ ಫ್ಯಾನು ತಿರುಗಲು ಶುರುವಾಗುವ ಗಾಳಿವೇಗವನ್ನು, ನಿಮ್ಮ ಭಾಷೆಯ ಕಟ್-ಇನ್ ಸ್ಪೀಡನ್ನು, ಸೆಕೆಂಡಿಗೆ ಮೂರೂವರೆ ಮೀಟರಿನಿಂದ ಐದಕ್ಕೆ ಏರಿಸಿ ನೋಡಿದರು. ಬಾವಲಿಗಳ ಸಾವು ಅರ್ಧದಷ್ಟಾದರೂ ಇಳಿಯಿತು, ವರ್ಷದ ಉತ್ಪಾದನೆಯಲ್ಲಿ ಹೋದದ್ದು ನೂರಕ್ಕೆ ಒಂದು ಪಾಲೂ ಅಲ್ಲ. ಹೊಸ ಯಂತ್ರ ಬೇಡ. ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಬೇಕು. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಮೂರು ಬ್ಲೇಡಿನಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರು, ಹಕ್ಕಿಗಳ ಸಾವು ಸುಮಾರು 70 ಪ್ರತಿಶತ ಇಳಿಯಿತು ಎಂದು ಬರೆದಿದ್ದಾರೆ. ನಾಲ್ಕೇ ಫ್ಯಾನಿನ ಪ್ರಯೋಗ ಅದು, ಹಾಗಾಗಿ ನಾನು ಅದರ ಮೇಲೆ ಪಣ ಕಟ್ಟುವುದಿಲ್ಲ.

ಪಣ ಕಟ್ಟುವುದಾದರೆ ಸ್ಪೇನಿನ ತಾರೀಫಾದ ಮೇಲೆ. ದಕ್ಷಿಣ ಸ್ಪೇನಿನಲ್ಲಿ ಆಫ್ರಿಕಕ್ಕೆ ದಾಟುವ ರಣಹದ್ದುಗಳ ದಾರಿಯಲ್ಲೇ ಫ್ಯಾನುಗಳು ನಿಂತಿವೆ. ಬಹಳ ಸತ್ತವು. ಆಮೇಲೆ ಅವರು ಮಾಡಿದ್ದು ಇಷ್ಟು: ದುರ್ಬೀನು ಕೊಟ್ಟು ಮನುಷ್ಯರನ್ನು ನೆಲದ ಮೇಲೆ ನಿಲ್ಲಿಸಿದರು. ಹದ್ದು ಫ್ಯಾನಿನ ಕಡೆ ಬರುತ್ತಿದೆ ಎಂದರೆ ಆ ಮನುಷ್ಯ ಕಂಟ್ರೋಲ್ ರೂಮಿಗೆ ಫೋನು ಮಾಡುತ್ತಾನೆ, ಆ ಒಂದು ಫ್ಯಾನು ನಿಲ್ಲುತ್ತದೆ, ಹದ್ದು ಹೋದ ಮೇಲೆ ಮತ್ತೆ ತಿರುಗುತ್ತದೆ. ಸಾವು ಅರ್ಧಕ್ಕೆ ಇಳಿಯಿತು. ಉತ್ಪಾದನೆಯಲ್ಲಿ ಹೋದದ್ದು 0.07 ಪ್ರತಿಶತ. ಹತ್ತು ಸಾವಿರ ಯೂನಿಟ್ಟಿಗೆ ಏಳು ಯೂನಿಟ್ಟು.

ರಣಹದ್ದಿನ ಮಾತು ಬಂದಾಗ ನಮ್ಮ ಜಟಿಂಗ ರಾಮೇಶ್ವರನ ಬೆಟ್ಟವನ್ನು ಬಿಡುವುದು ಹೇಗೆ? ರಾವಣನನ್ನು ತಡೆದ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಆ ಬೆಟ್ಟದ ಮೇಲೆ ಎಂದು ನಮ್ಮ ನಂಬಿಕೆ. ನೂರಾರು ಮೆಟ್ಟಿಲು ಹತ್ತಿ ಕೈಮುಗಿದು ಬರುತ್ತೇವೆ. ರೆಕ್ಕೆ ಕಡಿದದ್ದಕ್ಕೆ ಸಾಕ್ಷಿಯಾಗಿ ಬೆಟ್ಟಕ್ಕೆ ದೇವರ ಹೆಸರಿಟ್ಟ ಜನ ನಾವು, ನಮ್ಮ ಲಾಗ್‌ಬುಕ್ಕಿನಲ್ಲಿ ಅದಕ್ಕೊಂದು ಕಾಲಂ ಇಡಲಿಲ್ಲ. ಅಶೋಕ ಪಟ್ಟವೇರಿ ಇಪ್ಪತ್ತಾರು ವರ್ಷವಾದಾಗ ಉತ್ತರದ ಕಂಬಗಳ ಮೇಲೆ, ಕೊಲ್ಲಬಾರದ ಜೀವಿಗಳ ಪಟ್ಟಿಯನ್ನೇ ಹೆಸರು ಹಿಡಿದು ಕೊರೆಸಿದ. ಅದರಲ್ಲಿ ಬಾವಲಿಯಿದೆ, ಗಂಗಾಪುಪುಟಕ ಎಂಬ ಹೆಸರೂ ಇದೆ, ಅದು ಗಂಗೆಯ ಡಾಲ್ಫಿನ್ ಇರಬೇಕೆಂದು ಹಲವು ವಿದ್ವಾಂಸರ ಊಹೆ. ತಿಮಿಂಗಿಲದ ನೆಂಟ. ಯಾವ ಜೀವಿ ಎಂದು ಬರೆದಿಡದೆ ಯಾವುದನ್ನೂ ಕಾಯಲಾಗದು ಎಂದು ಆ ಕಾಲದ ಗುಮಾಸ್ತರಿಗೂ ಗೊತ್ತಿತ್ತು.

ಈಗ ನನ್ನ ಮಾತು. ನೀವು ಕಂಪನಿಯ ಮಾಲೀಕರಲ್ಲ; ಬಹುತೇಕರು ಕಂಪನಿಯ ನೌಕರರೂ ಅಲ್ಲ, ಗುತ್ತಿಗೆದಾರನ ಗುತ್ತಿಗೆದಾರನ ಕೈಕೆಳಗಿನವರು. ಫ್ಯಾನು ನಿಲ್ಲಿಸಿ ಎಂದು ನಾನು ಹೇಳಿದರೆ ನಾಳೆ ನಿಮ್ಮ ಗೇಟ್‌ಪಾಸ್ ಹೋಗುತ್ತದೆ. ಅದು ಬೇಡ. ನಿಲ್ಲಿಸುವ ಅಧಿಕಾರ ಕೊಡಿ ಎಂದು ಸರ್ಕಾರವನ್ನು ಕೇಳುವುದು ನಮ್ಮಂಥ ಪಿಂಚಣಿಯವರ ಕೆಲಸ, ಅದಕ್ಕೆ ಬೇರೆ ಅರ್ಜಿ ಬರೆಯುತ್ತಿದ್ದೇನೆ. ಆದರೆ ಅರ್ಜಿ ಹಿಡಿದು ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, ಎಷ್ಟು ಸತ್ತಿವೆ, ಎಲ್ಲಿ, ಯಾವಾಗ. ಅದಕ್ಕೆ ಉತ್ತರ ಇಡೀ ಜಿಲ್ಲೆಯಲ್ಲಿ ಇರುವುದು ಬೆಳಿಗ್ಗೆ ಆರೂವರೆಗೆ ಟವರಿನ ಬುಡದಲ್ಲಿ ನಿಲ್ಲುವ ನಿಮ್ಮ ಹತ್ತಿರ ಮಾತ್ರ.

ಹಾಗಾಗಿ ಒಂದು ನೋಟ್‌ಬುಕ್ಕು ಇಡಿ. ಸೈಟಿನದ್ದಲ್ಲ, ನಿಮ್ಮದು. ಏಣಿ ಹತ್ತುವ ಮೊದಲು ಬುಡದ ಸುತ್ತ ಒಂದು ಸುತ್ತು ಬನ್ನಿ. ಹೆಣ ಬೀಳುವುದು ಬುಡಕ್ಕೆ ತಾಗಿ ಮಾತ್ರವಲ್ಲ, ಹತ್ತಾರು ಮೀಟರ್ ದೂರದಲ್ಲೂ, ಅಲ್ಲಿಯವರೆಗೆ ಹೋಗಿ. ಸಿಕ್ಕರೆ ಮುಟ್ಟಬೇಡಿ, ಪಕ್ಕದಲ್ಲಿ ಒಂದು ಪೆನ್ನಿಟ್ಟು ಫೋಟೋ ತೆಗೆಯಿರಿ, ಅಳತೆ ತಿಳಿಯಲಿ. ತಾರೀಖು, ಹೊತ್ತು, ಫ್ಯಾನಿನ ನಂಬರು, ರಾತ್ರಿಯ ಗಾಳಿವೇಗ, ಎಷ್ಟು ಹೆಜ್ಜೆ, ಯಾವ ದಿಕ್ಕು. ಹೆಸರು ಗೊತ್ತಿಲ್ಲದಿದ್ದರೆ ಬಿಡಿ, ಗೊತ್ತಿರುವವರು ಹೇಳುತ್ತಾರೆ. ಏನೂ ಸಿಗದ ದಿನ 'ಏನೂ ಇಲ್ಲ' ಎಂದು ಬರೆಯಿರಿ. ಆ ಸಾಲು ಬಹಳ ಮುಖ್ಯ. ಏನೂ ಸಿಗದ ದಿನಗಳ ಲೆಕ್ಕವಿಲ್ಲದೆ ಸಿಕ್ಕ ದಿನಗಳಿಗೆ ಬೆಲೆಯಿಲ್ಲ, ಮತ್ತು ನಿಮ್ಮ ಕೆಲವು ಫ್ಯಾನುಗಳ ಮಟ್ಟಿಗಾದರೂ ಅದು ಕಂಪನಿಯ ಪರವಾದ ಸಾಕ್ಷಿಯೇ ಆಗುತ್ತದೆ.

ಕಡಲಿಗೆ ಹೋಗುವವರಿಗೆ ಬೇರೆ ಮಾತು. ಹಡಗು ಹತ್ತಿದ ಮೊದಲ ದಿನ ಲೈಫ್ ಜಾಕೆಟ್ ಎಲ್ಲಿದೆ ಎಂದು ಕೇಳುತ್ತೀರಿ. ಅದರ ಜೊತೆಗೆ ಇನ್ನೊಂದು ಕೇಳಿ: "ಸುತ್ತಿಗೆ ನಿಲ್ಲಿಸಲು ಹೇಳುವವರು ಇಲ್ಲಿ ಯಾರು? ಅವರಿಗೆ ಸಂಬಳ ಕೊಡುವವರು ಯಾರು?" ಉತ್ತರ ಬಂದರೆ ನನಗೊಂದು ಫೋನು ಮಾಡಿ. ಉತ್ತರ ಬಾರದಿದ್ದರೂ ಮಾಡಿ.

ಮೊಳಕಾಲ್ಮುರಿನ ಅಂಗಡಿಯಿಂದ 200 ಪುಟದ ಗೆರೆ ಹಾಕಿದ ನೋಟ್‌ಬುಕ್ಕು ಎರಡು ಡಜನ್ ತಂದಿಟ್ಟಿದ್ದೇನೆ. ಕಾಲಂಗಳನ್ನು ನಾನೇ ಸ್ಕೇಲ್ ಹಿಡಿದು ಹಾಕಿದ್ದೇನೆ. ಒಂದನ್ನು ಯುಗಾದಿಯ ಹುಡುಗ ತೆಗೆದುಕೊಂಡು ಹೋದ. ಮಿಕ್ಕ ಇಪ್ಪತ್ತಮೂರು ನನ್ನ ಮನೆಯ ಜಗಲಿಯ ಗೂಡಿನಲ್ಲಿವೆ. ಊರಿಗೆ ಬಂದಾಗ ತೆಗೆದುಕೊಂಡು ಹೋಗಿ.

ಇತಿ,
ನಿಮ್ಮ ವಿಜ್ಞಾನದ ಮೇಷ್ಟ್ರು
ಸಿದ್ಧಾಪುರ, ಬ್ರಹ್ಮಗಿರಿಯ ಬುಡ